ಗುಂಡು ಹೊತ್ತವರು

ಚೆನ್ನೈಯ ಒಂದು ಕನ್ನಡ ಸಂಘದವರು ಸ್ವಾತಂತ್ರ್ಯ ದಿನದಂದು ನಿವೃತ್ತ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ನನ್ನನ್ನೂ ಕರೆದಿದ್ದರು. ಪದಕಗಳನ್ನು ಒರೆಸಿ, ಎದೆಗೆ ಚುಚ್ಚಿಕೊಂಡು ಮಗಳ ಜೊತೆ ಹೋದೆ. ವೇದಿಕೆಯ ಮೇಲೆ ಕುರ್ಚಿ ಕೊಟ್ಟರು. ನಿರೂಪಣೆ ಮಾಡುವ ಹುಡುಗ ಪೆರುಂಗುಡಿಯ ಯಾವುದೋ ಕಂಪ್ಯೂಟರ್ ಕಂಪನಿಯವನು. ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ:

"ಸಾರ್, ಕಾರ್ಗಿಲ್ ಟೈಮಲ್ಲಿ ಎಲ್ಲಿದ್ರಿ? ಅನೌನ್ಸ್ ಮಾಡ್ಬೇಕು."

"ಇಲ್ಲೇ ಇದ್ದೆ. ಮದ್ರಾಸ್ ಹಾರ್ಬರ್‌ನಲ್ಲಿ."

"ಓ, ನೇವಿನಾ?"

"ಅಲ್ಲಪ್ಪ, ಆರ್ಮಿನೇ. ಹಡಗಿನಿಂದ ಮದ್ದುಗುಂಡು ಇಳಿಸ್ತಿದ್ವಿ."

ಹುಡುಗನ ಮುಖ ಸಪ್ಪಗಾಯಿತು. ಕೆಳಗಿಳಿದು ಹೋಗಿ ಕಾರ್ಯದರ್ಶಿಯನ್ನು ಕರೆದುಕೊಂಡು ಬಂದ. ಅವರು ಕೈಮುಗಿದೇ ಹೇಳಿದರು: "ತಪ್ಪು ತಿಳ್ಕೋಬೇಡಿ ಸಾರ್. ಬಾರ್ಡರ್‌ನಲ್ಲಿ ಫೈಟ್ ಮಾಡಿದೋರು ಮಾತ್ರ ಸ್ಟೇಜ್ ಮೇಲೆ ಅಂತ ಕಮಿಟಿನಲ್ಲಿ ಡಿಸೈಡ್ ಆಗಿದೆ. ನಿಮಗೆ ಫ್ರಂಟ್ ರೋನಲ್ಲೇ ಸೀಟ್ ಇದೆ."

ಎದ್ದು ಕೆಳಗೆ ಬಂದೆ. ಮಗಳಿಗೆ ಸಿಟ್ಟು ಬಂದರೆ ಕನ್ನಡ ಮರೆತುಹೋಗುತ್ತದೆ. "ವಾಂಗಪ್ಪಾ, ವೀಟ್ಟುಕ್ಕು ಪೋಲಾಂ" ಎಂದು ತಮಿಳಿನಲ್ಲಿ ಮನೆಗೆ ಕರೆಯುತ್ತಾ ನನ್ನ ತೋಳು ಹಿಡಿದು ಎಳೆದಳು. ನಾನು ಹೋಗಲಿಲ್ಲ. ಕೊನೆಯವರೆಗೂ ಕುಳಿತು, ಎಲ್ಲರಿಗೂ ಚಪ್ಪಾಳೆ ತಟ್ಟಿ, ಕೇಸರಿಬಾತು ತಿಂದು ಮನೆಗೆ ಬಂದೆ.

ಕುರ್ಚಿ ಹೋದದ್ದಕ್ಕೆ ನನಗೆ ನೋವಿಲ್ಲ. ಆದರೆ ಯುದ್ಧವೆಂದರೆ ಗಡಿಯಲ್ಲಿ ಬಂದೂಕು ಹಿಡಿದವನು ಮಾತ್ರ ಎಂದು ಇಷ್ಟು ಓದಿದವರೂ ನಂಬಿರುವುದು ನನಗೆ ಸಹಿಸಲಾಗುವುದಿಲ್ಲ. ಗುಂಡು ಹೊಡೆಯಲು ಮೊದಲು ಗುಂಡು ಬೇಕು. ಅದು ಆಕಾಶದಿಂದ ಉದುರುವುದಿಲ್ಲ. ಯಾವುದೋ ದೇಶದ ಕಾರ್ಖಾನೆಯಿಂದ ಹಡಗಿನಲ್ಲಿ ಬರುತ್ತದೆ, ಯಾರೋ ಬೆನ್ನು ಬಗ್ಗಿಸಿ ಅದನ್ನು ಇಳಿಸುತ್ತಾರೆ. ಆ ಯಾರೋಗಳಲ್ಲಿ, ಸೇನೆಯಲ್ಲಿ ಎಲ್ಲರೂ ಸಾಬ್ ಎಂದು ಕರೆಯುವ ಸುಬೇದಾರನಾಗಿದ್ದ ನಾನೊಬ್ಬ, ನನ್ನ ಕೈಕೆಳಗಿನ ನಾಯಕ್ ಮುನಿರಾಜು ಇನ್ನೊಬ್ಬ. ನಾನು ಪಿಂಚಣಿ ಉಣ್ಣುತ್ತಿದ್ದೇನೆ. ಮುನಿರಾಜು ಇಲ್ಲ. ಈ ಕೆಲಸಕ್ಕೆ ಸೇರುವ ಹುಡುಗರು ಈಗಲೂ ಒಬ್ಬೊಬ್ಬರು ನನ್ನ ಹತ್ತಿರ ಬಂದು "ಹಾರ್ಬರ್ ಪೋಸ್ಟಿಂಗ್ ಅಂದ್ರೆ ಆರಾಮಾ ಸಾರ್?" ಎಂದು ಕೇಳುತ್ತಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಳುತ್ತೇನೆ. ನಾನು ಸೇರಿದ ಕಾಲಕ್ಕೆ ಹಡಗಿನ ಸಾಮಾನೆಲ್ಲ ಬಿಡಿಬಿಡಿಯಾಗಿ ಬರುತ್ತಿತ್ತು. ಹಡಗಿನ ಹೊಟ್ಟೆಗೆ ಹೋಲ್ಡ್ ಎನ್ನುತ್ತೇವೆ. ಮೂರು ಅಂತಸ್ತಿನ ಬಾವಿಯಂತಹ ಕಬ್ಬಿಣದ ಕೋಣೆ ಅದು. ಕಬ್ಬಿಣದ ಏಣಿಯಲ್ಲಿ ಕೆಳಗಿಳಿಯಬೇಕು. ಮೇಲೆ ಚೌಕಾಕಾರದ ಬಾಯಿ, ಅದರಾಚೆ ಒಂದು ತುಂಡು ಆಕಾಶ. ಕೆಳಗೆ ಪೆಟ್ಟಿಗೆಗಳ ಬೆಟ್ಟ. ಒಂದೊಂದು ಪೆಟ್ಟಿಗೆಯನ್ನೂ ಇಬ್ಬರು ಎತ್ತಿ ಹಗ್ಗದ ಬಲೆಯಲ್ಲಿ ಜೋಡಿಸಬೇಕು, ಬಲೆಯನ್ನು ಕ್ರೇನ್ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅಕ್ಕಿ, ಟೆಂಟು, ಟೈರುಗಳಾದರೆ ಬಂದರಿನ ಕೂಲಿಯವರೇ ಇಳಿಸುತ್ತಿದ್ದರು. ಮದ್ದುಗುಂಡಾದರೆ ನಾವೇ ಇಳಿಯಬೇಕು. ಫಿರಂಗಿ ಗುಂಡಿನ ಪೆಟ್ಟಿಗೆ ಕೈಜಾರಿದರೆ ಏನಾಗಬಹುದೆಂಬುದು ಎತ್ತುವಾಗ ತಲೆಯಲ್ಲಿ ಇರಬಾರದು, ಇದ್ದರೆ ಕೈಜಾರುತ್ತದೆ.

ಚೆನ್ನೈ ಬಿಸಿಲಿನಲ್ಲಿ ಹಡಗಿನ ಗೋಡೆಗೆ ಬರಿಗೈ ತಾಗಿದರೆ ಚರ್ಮ ಅಂಟಿಕೊಳ್ಳುತ್ತದೆ. ಒಳಗೆ ಗಾಳಿ ಎಂಬುದೇ ಇಲ್ಲ. ಅದಕ್ಕಾಗಿ ಹಡಗು ಬಂದು ನಿಲ್ಲುವ ಕಟ್ಟೆಯ, ಅಂದರೆ ದಕ್ಕೆಯ ಮೇಲೆ ಜನರೇಟರ್ ಇಟ್ಟು, ದೊಡ್ಡ ಬ್ಲೋವರ್‌ಗೆ ಕ್ಯಾನ್ವಾಸಿನ ಕೊಳವೆ ಕಟ್ಟಿ, ಆನೆಯ ಸೊಂಡಿಲಿನಂತೆ ಅದನ್ನು ಹೋಲ್ಡಿಗೆ ಇಳಿಬಿಡುತ್ತಿದ್ದೆವು. ಆ ಸೊಂಡಿಲು ಊದುವ ಗಾಳಿಯೇ ಕೆಳಗಿನವರ ಜೀವ. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮುನಿರಾಜು ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಹತ್ತಿರದ ಡೆಂಕಣಿಕೋಟೆ ಕಡೆಯ ಹಳ್ಳಿಯವನು. ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ನಾನು ಹೊಸದುರ್ಗದ ಕಡೆಯವನು. ತುಕಡಿಯಲ್ಲಿ ನಾವಿಬ್ಬರೇ ಕನ್ನಡದವರಾದ್ದರಿಂದ ನಮ್ಮ ಮಾತು ಬೇರೆಯವರಿಗೆ ತಿಳಿಯದು ಎಂಬ ಧೈರ್ಯದಲ್ಲಿ ಮೇಲಧಿಕಾರಿಗಳನ್ನು ಅವರ ಎದುರಿಗೇ ಬೈದುಕೊಳ್ಳುತ್ತಿದ್ದೆವು. ಮುನಿರಾಜು ಕುಳ್ಳ, ಗಟ್ಟಿ ಆಳು. ಹೋಲ್ಡಿನಲ್ಲಿ ಯಾವ ಹುಡುಗನಿಗೆ ಸುಸ್ತಾಗಿದೆ ಎಂದು ಅವನ ಕತ್ತಿನ ನರ ನೋಡಿಯೇ ಹೇಳುತ್ತಿದ್ದ. ರಮ್ ಹಂಚುವ ದಿನ ತನ್ನ ಪಾಲನ್ನು ಯಾರಿಗಾದರೂ ಕೊಟ್ಟು, ಬದಲಿಗೆ ಮಿಲ್ಕ್‌ಮೇಡ್ ಡಬ್ಬ ತೆಗೆದುಕೊಂಡು ರಜೆಗೆ ಹೋಗುವಾಗ ಮಗಳಿಗೆ ಒಯ್ಯುತ್ತಿದ್ದ. ನಾವು ಅವನನ್ನು ಹಾಲಪ್ಪ ಎಂದು ಗೇಲಿ ಮಾಡುತ್ತಿದ್ದೆವು.

ಕಾರ್ಗಿಲ್ ಯುದ್ಧ ಶುರುವಾದ ಕೂಡಲೇ ನಮ್ಮ ರಜೆಗಳೆಲ್ಲ ರದ್ದಾದವು. ಮೊದಲು ಬಂದ ಹಡಗಿನಲ್ಲಿ ಹಿಮದ ಬೂಟುಗಳಿದ್ದವು. ಆ ಪೆಟ್ಟಿಗೆಗಳನ್ನು ನಾವು ಹಬ್ಬದ ಉತ್ಸಾಹದಿಂದ ಇಳಿಸಿದೆವು. ಮಾರನೆಯ ದಿನವೇ ಅವು ರೈಲು ಹತ್ತುತ್ತವೆ ಎಂದುಕೊಂಡಿದ್ದೆವು. ಹತ್ತಲಿಲ್ಲ. ಪರೀಕ್ಷಾಧಿಕಾರಿ ನೋಡಿ ಒಪ್ಪದೆ ಕಳಿಸಬಾರದೆಂದು ಮೇಲಿನಿಂದ ಆಜ್ಞೆ ಬಂತು. ಶೆಡ್ಡಿನಲ್ಲಿ ಬೂಟುಗಳು, ಶೆಡ್ಡಿನ ಹೊರಗೆ ಕಾವಲಿಗೆ ನಾವು. ಮುನಿರಾಜು ತಮಿಳು ಪೇಪರ್ ಓದಿ ಹೇಳುತ್ತಿದ್ದ. ಅದರಲ್ಲಿ ಹಿಮದ ಮೇಲೆ ಮಾಮೂಲಿ ಬೂಟು ಹಾಕಿಕೊಂಡು ಹತ್ತುತ್ತಿದ್ದ ಹುಡುಗರ ಚಿತ್ರ.

"ಸಾಬ್, ಇವ್ನ್ ಕಾಲ್ ನೋಡಿ. ಇವ್ನ್ ಚೆರ್ಪ್ಪು ನಮ್ ಶೆಡ್ನಾಗ್ ಐತೆ" ಎಂದ. ಅವನಿಗೆ ಬೂಟಾದರೂ ಚಪ್ಪಲಿಯಾದರೂ ಚೆರ್ಪ್ಪೇ.

ನಾನು ಫೋನ್ ಮಾಡಿದೆ. ಪರೀಕ್ಷಾಧಿಕಾರಿ ಮಗಳ ಮದುವೆಗೆ ರಜೆಯ ಮೇಲೆ ಹೋಗಿದ್ದಾರೆ ಎಂಬ ಉತ್ತರ ಬಂತು. ನಮ್ಮ ರಜೆ ರದ್ದು, ಅವರದು ಇಲ್ಲ. ಆ ಬೂಟುಗಳು ಯುದ್ಧ ಮುಗಿದ ಮೇಲೆ ಚೆನ್ನೈ ಬಿಟ್ಟವು.

ನಮ್ಮ ಮೇಜರ್ ಬಗ್ಗೆ ಹೇಳಬೇಕು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರ ಕೋಪವೆಲ್ಲ ಅವರೊಬ್ಬರ ಮೇಲೆ ಹೋಗಿ, ಅಂಥವರನ್ನು ತಯಾರು ಮಾಡುವ ವ್ಯವಸ್ಥೆ ತಪ್ಪಿಸಿಕೊಳ್ಳುತ್ತದೆ. ಅವರು ಕ್ರೂರಿಯಲ್ಲ, ಲಂಚಕೋರರೂ ಅಲ್ಲ. ಬಂದವರನ್ನು ಸೊಗಸಾಗಿ ಮಾತಾಡಿಸುತ್ತಿದ್ದರು. ದೊಡ್ಡವರ ಕಣ್ಣಿಗೆ ಬೀಳಬೇಕೆಂಬ ಹಸಿವು ಮಾತ್ರ ಅವರಿಗೆ ಎಷ್ಟು ತಿಂದರೂ ಹಿಂಗುತ್ತಿರಲಿಲ್ಲ. ಎಲ್ಲರೂ ಬೆಟ್ಟದ ಮೇಲಿರುವಾಗ ತಾನು ಮಾತ್ರ ದಕ್ಕೆಯಲ್ಲಿ ಸಿಕ್ಕಿಕೊಂಡಿದ್ದೇನೆ ಎಂಬ ಸಂಕಟ ಬೇರೆ. ಅವರಿಗಿಂತ ಮೊದಲಿದ್ದ ಕ್ಯಾಪ್ಟನ್ ದಿನಕ್ಕೊಮ್ಮೆಯಾದರೂ ಏಣಿಯಿಳಿದು ಹೋಲ್ಡಿನಲ್ಲಿ ನಮ್ಮ ಜೊತೆ ಬೆವರುತ್ತಿದ್ದರು. ಈ ಮೇಜರ್ ಒಮ್ಮೆಯೂ ಇಳಿಯಲಿಲ್ಲ. ಕೆಳಗಿನ ಸೆಕೆ ಹೇಗಿರುತ್ತದೆಂಬುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಫಿರಂಗಿ ಗುಂಡು ತುಂಬಿದ ಹಡಗು ಬಂದಾಗ ಪಂಚಾಂಗದ ಪ್ರಕಾರ ಮೇ ತಿಂಗಳ ಉರಿಬಿಸಿಲು, ತಮಿಳರ ಕತ್ತರಿ ಬಿಸಿಲು, ಮುಗಿದಿತ್ತು. ಬಿಸಿಲು ಪಂಚಾಂಗ ನೋಡಿರಲಿಲ್ಲ. ಸಂಜೆಗೆ ರೈಲು ತುಂಬಿಸಿ ಕಳಿಸಬೇಕು, ಬೆಟ್ಟದ ಮೇಲೆ ಫಿರಂಗಿಗಳು ಕಾಯುತ್ತಿವೆ ಎಂದು ಹೇಳಿದ್ದರು. ಹುಡುಗರು ಉಪ್ಪು ನೆಕ್ಕಿ ನೀರು ಕುಡಿದು ದುಡಿಯುತ್ತಿದ್ದರು. ಯಾರೂ ಗೊಣಗಲಿಲ್ಲ. ಇದೊಂದು ಸಲ ನಮ್ಮ ಕೆಲಸಕ್ಕೂ ಆ ಬೆಟ್ಟಕ್ಕೂ ನೇರ ದಾರಿಯಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ಅಂದು ಬೆಳಿಗ್ಗೆ ಮೇಜರ್ ಬಂದು, ಹೊರದೇಶದಲ್ಲಿರುವ ಭಾರತೀಯರು ಜವಾನರಿಗಾಗಿ ಒಂದು ಕಂಟೇನರ್ ಉಡುಗೊರೆ ಕಳಿಸಿದ್ದಾರೆ, ಅದನ್ನು ಸ್ವೀಕರಿಸಲು ದೊಡ್ಡ ಅತಿಥಿಯೊಬ್ಬರು ಬರುತ್ತಾರೆ, ಟಿವಿಯವರೂ ಬರುತ್ತಾರೆ ಎಂದರು. ಶೆಡ್ಡಿನ ಮುಂದೆ ಶಾಮಿಯಾನ ಎದ್ದಿತು. ವೇದಿಕೆ, ಮೈಕು, ನಾಲ್ಕು ಮೂಲೆಗೆ ಆಳೆತ್ತರದ ಫ್ಯಾನು. ಕರೆಂಟು ಎಲ್ಲಿಂದ? ಬಾಡಿಗೆಗೆ ಹೇಳಿದ್ದ ಜನರೇಟರ್ ದಾರಿಯಲ್ಲಿ ಕೆಟ್ಟು ನಿಂತಿತ್ತು. ಮೇಜರ್ ನಮ್ಮದನ್ನು ತೋರಿಸಿ ಹೇಳಿದರು: "ಇದರ ಲೈನ್ ಅಲ್ಲಿಗೆ ಕೊಡಿ."

"ಸಾಹೇಬ್, ಇದು ಹೋಲ್ಡಿನ ಬ್ಲೋವರ್‌ಗೆ ಹಾಕಿರೋದು. ಕೆಳಗೆ ಹುಡುಗರಿದ್ದಾರೆ" ಎಂದೆ.

"ಅರ್ಧ ಗಂಟೆ ಅಷ್ಟೆ."

"ಹಾಗಾದರೆ ಅರ್ಧ ಗಂಟೆ ಅವರನ್ನು ಮೇಲೆ ಕರೆಸ್ತೀನಿ."

"ರೈಲು ಯಾರು ತುಂಬಿಸ್ತಾರೆ? ಕೆಲಸ ನಿಲ್ಲಕೂಡದು. ಅರ್ಧ ಗಂಟೆಗೆ ಯಾರೂ ಸಾಯಲ್ಲ, ಸಾಬ್. ಯುದ್ಧ ನಡೀತಿದೆ." ಇದನ್ನು ಅವರು ಹಿಂದಿಯಲ್ಲಿ, ನಗುತ್ತಲೇ, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು. ನಾನು ಎರಡನೆಯ ಸಲವೂ ಆಗುವುದಿಲ್ಲವೆಂದೆ. ಆಗ ಕೈ ತೆಗೆದು, ಇದು ಆರ್ಡರ್ ಎಂದರು. ನನ್ನನ್ನು ಆ ಹಡಗಿನ ಕೆಲಸದಿಂದಲೇ ಬಿಡಿಸಿ, ಗೌರವ ಸಾಲಿಗೆ ಇಸ್ತ್ರಿ ಮಾಡಿದ ಸಮವಸ್ತ್ರದ ಹುಡುಗರನ್ನು ನಿಲ್ಲಿಸುವ ಕೆಲಸಕ್ಕೆ ಶಾಮಿಯಾನಕ್ಕೆ ಕಳಿಸಿದರು. ಹೋಗುವ ಮೊದಲು ಹಡಗು ಹತ್ತಿ, ಹೋಲ್ಡಿನ ಬಾಯಿಯಲ್ಲಿ ಬಗ್ಗಿ ಮುನಿರಾಜುವಿಗೆ ಕೂಗಿ ಹೇಳಿದೆ. ಸೊಂಡಿಲು ಆಗಲೇ ಗಾಳಿಯಿಲ್ಲದೆ ಜೋತುಬಿದ್ದಿತ್ತು.

"ಕಾತ್ತು ನಿಲ್ಲಿಸಿಬಿಟ್ರಾ ಸಾಬ್? ಯಾವನ್ ತಲೆಕೆಟ್ಟೋನು?" ಎಂದು ಕೆಳಗಿನಿಂದ ಕೂಗಿದ. ಗಾಳಿಗೆ ಅವನು ಕಾತ್ತು ಎನ್ನುತ್ತಿದ್ದ. ಆಮೇಲೆ ಅವನೇ, "ಆಗ್ಲಿ, ಹುಡುಗ್ರನ್ನ ಮಾತ್ತಿ ಮಾತ್ತಿ, ಒಬ್ಬೊಬ್ರನ್ನಾಗಿ ಏಣಿ ಮೇಲಕ್ ಕಳಿಸ್ತೀನಿ. ನೀವ್ ಓಗಿ" ಎಂದ.

ಅತಿಥಿ ಹೇಳಿದ ಹೊತ್ತಿಗೆ ಬರಲಿಲ್ಲ. ಅರ್ಧ ಗಂಟೆ ಹೋಯಿತು, ಗಂಟೆ ಹೋಯಿತು. ಖಾಲಿ ಕುರ್ಚಿಗಳಿಗೆ ಫ್ಯಾನುಗಳು ಗಾಳಿ ಬೀಸುತ್ತಿದ್ದವು. ನಾನು ಮೇಜರ್ ಬಳಿ ಎರಡು ಸಲ ಹೋದೆ. ಈಗ ಬಂದುಬಿಡುತ್ತಾರೆ ಎಂದರು. ಕೊನೆಗೆ ಕಾರುಗಳ ಸಾಲು ಬಂತು, ಹಾರ ಬಂತು, ಭಾಷಣ ಶುರುವಾಯಿತು. 'ನಮ್ಮ ವೀರ ಜವಾನರು' ಎಂಬ ಮಾತು ಮೈಕಿನಲ್ಲಿ ಕೇಳುತ್ತಿರುವಾಗಲೇ ಹಡಗಿನ ಮೇಲಿನಿಂದ ಕಿರುಚಾಟ ಕೇಳಿಸಿತು.

ಓಡಿದೆ. ಕ್ರೇನ್ ಬಲೆಯನ್ನು ಮೇಲಕ್ಕೆ ಎತ್ತುತ್ತಿತ್ತು. ಬಲೆಯಲ್ಲಿ ಪೆಟ್ಟಿಗೆಯಿರಲಿಲ್ಲ, ಮುನಿರಾಜು ಇದ್ದ. ಹುಡುಗರನ್ನು ಸರದಿಯಂತೆ ಏಣಿಯ ತುದಿಗೆ ಕಳಿಸಿ ಉಸಿರಾಡಿಸಿದ್ದಾನೆ. ತಾನು ಮಾತ್ರ ಒಮ್ಮೆಯೂ ಹತ್ತಿಲ್ಲ. ಆ ಹುಡುಗರು ಆಮೇಲೆ ಅತ್ತುಕೊಂಡು ಹೇಳಿದ್ದು ಇದು: ಇದ್ದಕ್ಕಿದ್ದಂತೆ ಮುನಿರಾಜು ಉಸ್ತಾದ್ ತಮ್ಮ ಮಗಳ ಹೆಸರು ಕರೆಯತೊಡಗಿದರು, ಆಮೇಲೆ ಬಿದ್ದರು. ದಕ್ಕೆಯ ಮೇಲೆ ಮಲಗಿಸಿದಾಗ ಮುಟ್ಟಿ ನೋಡಿದೆ. ಅಷ್ಟು ಸುಡುವ ಮೈಯಲ್ಲಿ ಒಂದು ಹನಿ ಬೆವರಿಲ್ಲ.

ಆಂಬುಲೆನ್ಸ್ ಕರೆದರೆ ಅತಿಥಿಯ ಕಾರುಗಳು ದಾರಿಗೆ ಅಡ್ಡ ನಿಂತಿದ್ದವು. ಚಾಲಕರೆಲ್ಲ ಕಾರಿಗೆ ಬೀಗ ಹಾಕಿ ಭಾಷಣ ಕೇಳಲು ಹೋಗಿದ್ದರು. ಆಗ ಬಂದರಿನ ಪಕ್ಕದ ರಾಯಪುರಂನ ಅಂತೋಣಿ ಬಂದ. ಬಂದರಿನ ಕೂಲಿಯವರ ಮೇಸ್ತ್ರಿ. ನಮಗೂ ಅವನಿಗೂ ಕ್ರೇನಿನ ಸರದಿಗಾಗಿ ದಿನವೂ ಜಗಳ. ಒಂದು ನೋಟ ನೋಡಿದವನೇ ತನ್ನ ಆಳುಗಳನ್ನು ಪಕ್ಕದ ಮೀನಿನ ದಕ್ಕೆಗೆ ಓಡಿಸಿದ. ಮೀನಿನ ಐಸು ತುಂಬಿದ ತಳ್ಳುಗಾಡಿ ಬಂತು. ಮುನಿರಾಜುವಿನ ಅಂಗಿ ಹರಿದು, ಐಸಿನಲ್ಲಿ ಹೂತು, ಅದೇ ಗಾಡಿಯಲ್ಲಿ ತಳ್ಳಿಕೊಂಡು ಕಾರುಗಳ ಸಂದಿಯಲ್ಲಿ ಓಡಿದೆವು. ಶಾಮಿಯಾನದ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಮೀನಿನ ವಾಸನೆಗೆ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಒಬ್ಬ ಪೊಲೀಸಿನವ, ಫಂಕ್ಷನ್ ಮುಗಿಯುವವರೆಗೆ ನಿಲ್ಲಿ ಎಂದು ಕೈ ಅಡ್ಡ ಹಿಡಿದ. ಅಂತೋಣಿ ಗಾಡಿ ನಿಲ್ಲಿಸಲಿಲ್ಲ.

"ಮೀನುಕ್ಕು ಐಸ್ ಇರುಕ್ಕು, ಮನುಷನುಕ್ಕು ವಳಿ ಇಲ್ಲೈಯಾ?" ಎಂದು ಗಂಟಲು ಹರಿಯುವಂತೆ ಕೂಗಿದ. ಮೀನಿಗೆ ಐಸಿದೆ, ಮನುಷ್ಯನಿಗೆ ದಾರಿಯಿಲ್ಲವೇ! ಪೊಲೀಸಿನವ ಸರಿದ.

ಮಾರನೆಯ ದಿನ ಬೆಳಗಾಗುವ ಮೊದಲು ಮಿಲಿಟರಿ ಆಸ್ಪತ್ರೆಯಲ್ಲಿ ಮುನಿರಾಜು ತೀರಿಕೊಂಡ.

ಆ ಕಂಟೇನರ್‌ನಲ್ಲಿ ಏನಿತ್ತೆಂದು ಹೇಳಲೇಬೇಕು. ಅದನ್ನು ಖಾಲಿ ಮಾಡಿದ್ದೂ ನಾವೇ. ಬಣ್ಣ ಹೋದ ಸ್ವೆಟರುಗಳು. ಅವಧಿ ಮುಗಿದ ಸೂಪಿನ ಡಬ್ಬಗಳು. ಒಂದು ಜರಿಸೀರೆ. ಎತ್ತರದ ಹಿಮ್ಮಡಿಯ ಹೆಂಗಸರ ಚಪ್ಪಲಿ, ಅದೂ ಒಂದೇ ಕಾಲಿನದು. ಎಲ್ಲೋ ಕುಳಿತ ಯಾರೋ ಮನೆ ಗುಡಿಸಿ ಪುಣ್ಯ ಕಟ್ಟಿಕೊಂಡಿದ್ದರು. ಒಳ್ಳೆಯ ಮನಸ್ಸಿನಿಂದ ಕಳಿಸಿದವರೂ ಇದ್ದಿರಬಹುದು. ಆದರೆ ಅಂದು ನನ್ನ ಕೈಗೆ ಸಿಕ್ಕಿದ್ದು ಆ ಚಪ್ಪಲಿ. ಅದಕ್ಕಾಗಿ ನಮ್ಮ ಹುಡುಗರ ಗಾಳಿ ನಿಲ್ಲಿಸಿದ್ದರು.

ವಿಚಾರಣೆ ಶುರುವಾಯಿತು. ಮೇಜರ್ ಹೇಳಿಕೆ ಕೊಟ್ಟರು: ಹಿಂದಿನ ಸಂಜೆ ತುಕಡಿಗೆ ರಮ್ ಹಂಚಲಾಗಿತ್ತು. ಮೃತನು ಮಿತಿಮೀರಿ ಕುಡಿದು ಮೈಯ ನೀರು ಆರಿಸಿಕೊಂಡಿದ್ದಂತೆ ಕಾಣುತ್ತದೆ. ಬ್ಲೋವರ್ ಅರ್ಧ ಗಂಟೆ ಮಾತ್ರ ನಿಂತಿತ್ತು.

ನಾನು ನೋಡಿದ್ದನ್ನೆಲ್ಲ ಹೇಳಿದೆ. ಹುಡುಗರೂ ಹೇಳಿದರು. ಹುಡುಗರ ಮಾತಿಗೆ ಹುಡುಗರ ಬೆಲೆ, ನನ್ನ ಮಾತಿಗೆ ನನ್ನ ಬೆಲೆ. ಮೇಜರ್ ಮಾತಿಗೆ ಮೇಜರ್ ಬೆಲೆ. ಆಗ ಆಸ್ಪತ್ರೆಯಿಂದ ಬಂದವರು ಒಬ್ಬ ಡಾಕ್ಟರ್, ಮೈಸೂರಿನ ಹೆಣ್ಣುಮಗಳು, ಕ್ಯಾಪ್ಟನ್. ಚಿಕ್ಕ ವಯಸ್ಸು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ನನ್ನ ಹೆಸರು ನೋಡಿ ಕನ್ನಡದಲ್ಲಿ ಮಾತಾಡಿಸಿದರು.

"ಸಾಬ್, ಕುಡಿತದ ಬಗ್ಗೆ ಒಂದು ಲೈನ್ ಸೇರ್ಸಿ ಅಂತ ನನಗೆ ಫೋನ್ ಬಂದಿತ್ತು."

"ಏನಂದ್ರಿ ಮೇಡಂ?"

"ನಾನು ಅವರ ಮೈ ನೋಡಿದೀನಿ, ಬಾಟ್ಲಿ ನೋಡಿಲ್ಲ ಅಂದೆ. ನೋಡದೇ ಇರೋದನ್ನ ಬರೆಯೋಕೆ ನನಗೆ ಯಾರೂ ಹೇಳ್ಕೊಟ್ಟಿಲ್ಲ."

ಒಳಗೆ ಹೋಗಿ ಅದನ್ನೇ ಹೇಳಿ ಬಂದರು. ಆಕೆಗೆ ಇದರಿಂದ ಏನು ತೊಂದರೆಯಾಯಿತೋ ನನಗೆ ಗೊತ್ತಿಲ್ಲ. ಕೆಲವೇ ತಿಂಗಳಲ್ಲಿ ಎಲ್ಲಿಗೋ ವರ್ಗವಾಯಿತು. ಸೇನೆಯಲ್ಲಿ ಎದೆಗಾರಿಕೆ ಎಲ್ಲಿರುತ್ತದೆಂದು ಯಾರಾದರೂ ಕೇಳಿದರೆ ನಾನು ಆ ಬೆಂಚನ್ನು ನೆನೆಯುತ್ತೇನೆ.

ತೀರ್ಪು ಬರುವ ಮೊದಲೇ ಮುನಿರಾಜುವಿನ ಹೆಂಡತಿ ಗೌರಮ್ಮ, ಮೈದುನನನ್ನು ಕರೆದುಕೊಂಡು ನಮ್ಮ ಗೇಟಿಗೆ ಬಂದಳು. ಮೇಜರ್ ಚಹಾ ಕೊಡಿಸಿ, ನಿನ್ನ ಗಂಡ ಬಹದ್ದೂರ್ ಎಂದು ಹೇಳಿ, ಮೀಟಿಂಗ್ ಇದೆಯೆಂದು ಎದ್ದುಹೋದರು. ಆಕೆ ನನ್ನನ್ನು ಹುಡುಕಿಕೊಂಡು ಬಂದಳು.

"ಅಣ್ಣಾ, ಪಕ್ಕದ್ ತಾಲ್ಲೂಕಿಗೆ ಬೆಟ್ಟದಾಗ್ ಸತ್ತ ಹುಡುಗನ್ನ ತಂದ್ರು. ಮಂತ್ರಿ ಬಂದ, ಕಲೆಕ್ಟರ್ ಬಂದ, ತುಪಾಕಿ ಹೊಡುದ್ರು. ನಮ್ಮನೇರಿಗೆ ಒಬ್ಬರೂ ಬರ್ಲಿಲ್ಲ. ಊರ್ನಾಗೆ ಕುಡುದ್ ಸತ್ನಂತೆ ಅಂತವ್ರೆ. ಇಸ್ಕೂಲ್ನಾಗೆ ಮಗೂಗೂ ಅಂಗೇ ಅಂತವ್ರೆ. ನೀವು ಕೂಡ ಇದ್ದೋರು. ನೆಜ ಹೇಳ್ಬುಡಿ. ಕುಡುದಿದ್ರೂ ಹೇಳಿ, ತಾಳ್ಕೊಂತೀನಿ."

ಸಾಕ್ಷಿಗಳು ಯಾರೊಂದಿಗೂ ಮಾತಾಡಬಾರದು ಎಂದು ನಮಗೆ ಆಜ್ಞೆಯಿತ್ತು. ನಾನು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಆಕೆ ಅಳಲಿಲ್ಲ. ಎಲ್ಲ ಕೇಳಿಸಿಕೊಂಡು, "ಇದು ನಂಗೊಬ್ಳಿಗ್ ಹೇಳಿದ್ರೆ ಆಗಲ್ಲಣ್ಣ. ಊರಿಗ್ ಬಂದ್ ಹೇಳಿ" ಎಂದಳು.

ರಜೆ ಕೇಳಿದೆ. ಕೊಡಲಿಲ್ಲ. ಆ ಭಾನುವಾರ ಸಮವಸ್ತ್ರ ಹಾಕಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಹೊಸೂರಿನ ಬಸ್ಸು ಹತ್ತಿದೆ. ಹಳ್ಳಿಯ ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ಗೌರಮ್ಮ ಮನೆಮನೆಗೂ ಹೋಗಿ ಕರೆದಿದ್ದಳೆಂದು ಕಾಣುತ್ತದೆ, ಕೂರಲು ಜಾಗವಿಲ್ಲದಷ್ಟು ಜನ ಸೇರಿದರು. ನಾನು ಭಾಷಣಗಾರನಲ್ಲ. ಹೋಲ್ಡ್ ಎಂದರೆ ಏನೆಂದು ಹೇಳಿದೆ, ಗುಂಡಿನ ಪೆಟ್ಟಿಗೆ ಎಷ್ಟು ಭಾರವೆಂದು ಹೇಳಿದೆ. ಆ ಗುಂಡುಗಳೇ ರೈಲು ಹತ್ತಿ ಬೆಟ್ಟಕ್ಕೆ ಹೋದವೆಂದು ಹೇಳಿದೆ. ಅವನು ಯಾರನ್ನು ಮೇಲಕ್ಕೆ ಕಳಿಸಿದ, ಯಾರು ಕೆಳಗೆ ಉಳಿದರು ಎಂದು ಹೇಳಿದೆ. ರಮ್ ಕೊಟ್ಟು ಹಾಲಿನ ಡಬ್ಬ ತರುತ್ತಿದ್ದುದನ್ನೂ ಹೇಳಿದೆ. ಹಿಂದೆ ನಿಂತಿದ್ದ ಯಾವುದೋ ಹೆಂಗಸು ಬಿಕ್ಕಿದಳು.

ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಕೇಳಿದರು: "ಅಂಗಾರೆ ಸಾಯ್ಸಿದ್ದು ಯಾರಪ್ಪ? ಪಾಕಿಸ್ತಾನದೋರಾ?"

"ಅಲ್ಲ ಯಜಮಾನ್ರೇ. ಫ್ಯಾನು. ದೊಡ್ಡೋರಿಗೆ ಸೆಕೆ ಆಗಬಾರದು ಅಂತ ಇಟ್ಟ ಫ್ಯಾನು."

ಆ ಮುದುಕರು ಎದ್ದು ಗೌರಮ್ಮನ ಮುಂದೆ ಹೋಗಿ ನಿಂತು, "ತಪ್ಪಾತು ಕಣವ್ವ" ಎಂದರು.

ಚೆನ್ನೈಗೆ ಮರಳಿದಾಗ ಶಿಕ್ಷೆ ಕಾದಿತ್ತು. ಅಪ್ಪಣೆಯಿಲ್ಲದೆ ನೆಲೆ ಬಿಟ್ಟದ್ದಕ್ಕೆ ಕಠಿಣ ಎಚ್ಚರಿಕೆ ನನ್ನ ದಾಖಲೆಯಲ್ಲಿ ಬಿತ್ತು. ಅದು ಸರಿಯೇ, ನಾನು ನಿಯಮ ಮುರಿದದ್ದು ನಿಜ. ನಿಯಮ ಮುರಿದವನಿಗೆ ಶಿಕ್ಷೆಯಾಗಲಿ. ಆದರೆ ಗಾಳಿ ಕಿತ್ತುಕೊಂಡವನಿಗೆ ಏನಾಯಿತು? ತೀರ್ಪಿನಲ್ಲಿ ಕುಡಿತದ ಮಾತು ಬಿಟ್ಟುಹೋಯಿತು, ಡಾಕ್ಟರಮ್ಮನ ದಯೆಯಿಂದ. ಬಿಸಿಲಿನ ಬೇಗೆಯಿಂದಾದ ಕಾಯಿಲೆ, ಸ್ಥಳ ಶಾಂತಿ ಪ್ರದೇಶ, ಯಾರ ತಪ್ಪೂ ಇಲ್ಲ ಎಂದು ಬರೆದರು. ಶಾಂತಿ ಪ್ರದೇಶ! ಬೆಟ್ಟಕ್ಕೆ ಹೋಗುವ ಗುಂಡು ಹೊರುವಾಗ ಸತ್ತವನು ಶಾಂತಿಯಲ್ಲಿ ಸತ್ತನಂತೆ. ಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಕಲ್ಲಿನಲ್ಲಿ ಅವನಿಗೆ ಜಾಗವಿಲ್ಲ. ನಾನು ಸೇವೆಯಲ್ಲಿದ್ದಾಗಲೂ ನಿವೃತ್ತಿಯ ಮೇಲೂ ಬರೆದು ಬರೆದು ಕೈ ಸೋತಿತು. ಉತ್ತರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಮೇಜರ್ ಬೇರೆ ಊರಿಗೆ ಹೋದರು, ಮೇಲಿನ ಹುದ್ದೆಗೆ ಹೋದರು. ಆ ದಿನದ ಸಮಾರಂಭದ ವ್ಯವಸ್ಥೆಗೆ ಅವರಿಗೆ ಪ್ರಶಂಸೆ ಸಿಕ್ಕಿತ್ತು.

ಆಮೇಲೆ ಕಾಲ ಬದಲಾಯಿತು. ಮದ್ದುಗುಂಡೂ ಕಂಟೇನರ್‌ನಲ್ಲೇ ಬರತೊಡಗಿತು. ಕ್ರೇನು ಕಬ್ಬಿಣದ ಪೆಟ್ಟಿಗೆಯನ್ನು ಹಾಗೆಯೇ ಎತ್ತಿ ಲಾರಿಯ ಮೇಲಿಡುತ್ತದೆ. ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಹೊಸ ಬಂದರು ಬಂತು. ಬೆನ್ನು ಬಗ್ಗಿಸುವುದು ಕಡಿಮೆಯಾಯಿತು, ನನಗೆ ಅದು ಸಂತೋಷವೇ. ಆದರೆ ಹುಡುಗರೇ, ಕಂಟೇನರ್ ಒಳಗೂ ಒಬ್ಬ ಮನುಷ್ಯ ಹೋಗಿ ಖಾಲಿ ಮಾಡಲೇಬೇಕು, ಅಲ್ಲಿಯೂ ಗಾಳಿಯಿಲ್ಲ. ಯಂತ್ರ ಬದಲಾದರೂ ಮನುಷ್ಯನ ಶ್ವಾಸಕೋಶ ಬದಲಾಗಿಲ್ಲ.

ಸುನಾಮಿ ಬಂದಾಗ ಅಂಡಮಾನಿಗೆ ಹೋಗುವ ಪರಿಹಾರ ಸಾಮಗ್ರಿಯನ್ನು ನಾವು ಹಡಗಿಗೆ ತುಂಬಿಸುತ್ತಿದ್ದೆವು. ಅಂತೋಣಿಯ ಗುಡಿಸಲೂ ಆ ಅಲೆಯಲ್ಲಿ ಹೋಗಿತ್ತು. ಆದರೂ ಮೂರನೆಯ ದಿನ ಅವನೇ ತನ್ನ ಆಳುಗಳೊಂದಿಗೆ ಬಂದು ಮೂಟೆ ಹೊರುತ್ತಿದ್ದ. ಆಗ ಒಬ್ಬ ಮುಖಂಡರ ಕಡೆಯವರು ಬಂದು, ಮೂಟೆಗಳ ಮೇಲೆ ತಮ್ಮ ನಾಯಕರ ಚಿತ್ರದ ಸ್ಟಿಕ್ಕರ್ ಅಂಟಿಸಿದ ಮೇಲೆಯೇ ಹಡಗು ಬಿಡಬೇಕು, ಸ್ಟಿಕ್ಕರ್ ಪ್ರೆಸ್ಸಿನಿಂದ ಬರುತ್ತಿದೆ ಎಂದರು. ನನ್ನ ಮೇಲಧಿಕಾರಿ ತಲೆ ಕೆರೆದುಕೊಂಡು, ಸ್ವಲ್ಪ ಕಾಯೋಣ ಎಂದರು.

"ಸಾಹೇಬ್, ಅಲ್ಲಿ ಜನ ಕುಡಿಯೋ ನೀರಿಗೆ ಕಾಯ್ತಿದ್ದಾರೆ. ನೀವು ಕಾಯಿರಿ, ಹಡಗು ಕಾಯಲ್ಲ" ಎಂದೆ. ಅವರ ಉತ್ತರಕ್ಕೆ ನಿಲ್ಲದೆ ಕ್ರೇನಿನವನಿಗೆ ಕೈ ಬೀಸಿದೆ. ಕೊನೆಯ ಮೂಟೆ ಹತ್ತಿತು, ಹಗ್ಗ ಬಿಚ್ಚಿದರು. ಸ್ಟಿಕ್ಕರ್ ಬಂಡಲುಗಳು ಬಂದಾಗ ಹಡಗು ಬಂದರಿನ ಬಾಯಿ ದಾಟಿತ್ತು. ಅಂತೋಣಿ ಒಂದು ಬಂಡಲು ಬಿಚ್ಚಿ, ನಾಯಕರ ಮುಖ ಕೆಳಗೆ ಮಾಡಿ ಅದರ ಮೇಲೆ ಕುಳಿತು ಊಟ ಮಾಡಿದ. ನನ್ನನ್ನು ದಕ್ಕೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೆ ಬಕೆಟ್ಟು, ಕಂಬಳಿ ಕಾಯ್ದೆ. ಒಂದು ದಿನವೂ ಪಶ್ಚಾತ್ತಾಪವಾಗಲಿಲ್ಲ.

ಸೇರುವ ಹುಡುಗರಿಗೆ ನಾನು ಹೇಳುವುದು ಒಂದೇ. ಅರ್ಧ ಗಂಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಕೆಳಗಿನವರನ್ನು ಮೇಲಕ್ಕೆ ಕರೆಸಿ. ವಾದ ಆಮೇಲೆ ಮಾಡಿ. ಶಿಕ್ಷೆ ಸಿಗುತ್ತದೆ. ಸಿಗಲಿ.

ಉಗ್ರಾಣದಲ್ಲಿದ್ದಾಗಲೇ ಒಂದು ದಿನ ಗೌರಮ್ಮನಿಂದ ಫೋನ್ ಬಂತು. ಊರಿನವರು ಸೇರಿ ಮುನಿರಾಜುವಿಗೆ ಕಲ್ಲು ನಿಲ್ಲಿಸುತ್ತಿದ್ದಾರೆ, ನೀವು ಬರಬೇಕು ಎಂದಳು. ಆ ಕಡೆಯ ಹಳ್ಳಿಗಳಲ್ಲಿ ಹಳೆಯ ವೀರಗಲ್ಲುಗಳು ಹೊಲದ ಬದುಗಳಲ್ಲಿ, ಕೆರೆಯ ಏರಿಯ ಮೇಲೆ ಎಲ್ಲೆಂದರಲ್ಲಿ ನಿಂತಿವೆ. ದನ ಕಾಯುತ್ತಾ ಸತ್ತವನು, ಊರು ಕಾಯುತ್ತಾ ಸತ್ತವನು. ಸರ್ಕಾರ ಕೊಡದಿದ್ದರೆ ಬೇಡ, ನಮ್ಮೂರಿನ ಕಲ್ಲು ನಮ್ಮೂರಿನವನಿಗೆ ಎಂದು ಅಂದು ಗುಡಿಯ ಕಟ್ಟೆಯ ಮೇಲಿದ್ದ ಆ ಮುದುಕರೇ ಮುಂದೆ ನಿಂತು ನಿರ್ಧರಿಸಿದ್ದರಂತೆ.

ಹೋದೆ, ಈ ಸಲ ರಜೆ ಪಡೆದು. ಕೆರೆಯ ಏರಿಯ ಕೆಳಗೆ ಹುಣಸೆಮರದ ನೆರಳಿನಲ್ಲಿ ಕಲ್ಲುಕುಟಿಗ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದ. ಹಳೆಯ ಕಲ್ಲುಗಳಲ್ಲಿ ಇರುವಂತೆಯೇ ಒಬ್ಬ ವೀರ, ಎತ್ತಿದ ಕೈಯಲ್ಲಿ ಕತ್ತಿ. ಗೌರಮ್ಮ ಬಂದು ಸೆರಗಿನಿಂದ ಆ ಕತ್ತಿಯನ್ನು ಒರೆಸಿಬಿಟ್ಟಳು.

"ಕತ್ತಿ ಬ್ಯಾಡಪ್ಪ. ಅವ್ರು ಯಾರ್ ಮ್ಯಾಲೂ ಕತ್ತಿ ಎತ್ಲಿಲ್ಲ. ಹೆಗಲ್ ಮ್ಯಾಲೆ ಪೆಟ್ಟಿಗೆ ಬರಿ."

ಕಲ್ಲುಕುಟಿಗನಿಗೆ ಇಷ್ಟವಾಗಲಿಲ್ಲ. "ಪೆಟ್ಟಿಗೆ ಹೊತ್ರೆ ಕೂಲಿಯೋನಂಗ್ ಕಾಣ್ತಾನಲ್ಲವ್ವ. ವೀರ ಅಂತ ಯಾರಿಗ್ ಗೊತ್ತಾಗ್ತದೆ?"

ಗೌರಮ್ಮ ಸೀಮೆಸುಣ್ಣದ ಧೂಳು ಕೊಡವಿಕೊಂಡು ಹೇಳಿದಳು:

"ಹೊತ್ತೋರಿಗ್ ಗೊತ್ತಾಗ್ತದೆ. ಅಷ್ಟ್ ಸಾಕು."